ಹೊಲಿಗೆಗೆ ಬಿಟ್ಟಷ್ಟು

ಗ್ರಾಫಿನ ಗೆರೆ ಒಂದೇ ಸಮನೆ ಹತ್ತುತ್ತಾ ಬಂದು ಒಂದು ಕಡೆ ಮೆಟ್ಟಿಲಿನಂತೆ ಜಿಗಿದಿತ್ತು. ಹನುಮಂತರಾಯ ಸರ್ ಅದರ ಪಕ್ಕ ಕೆಂಪು ಪೆನ್ನಿನಿಂದ ಬಾಣ ಎಳೆದರು.

"ಇಲ್ಲಿ ಆರು ಲಕ್ಷ ವರ್ಷದ ಕೆಸರ ಇಲ್ಲ ನೋಡವಾ. ಸಮುದ್ರದ ತಳದ ಹರಿವು ಕೊಚ್ಚಿಕೊಂಡು ಹೋಗ್ಯಾದ. ಸೋಮವಾರ ಧಾರವಾಡದ ಸೆಮಿನಾರ್‌ನಾಗ ನೀನ ತೋರಿಸು. ಪ್ರಾಜೆಕ್ಟ್‌ನಾಗ ಒಂದು ಜಾಗ ಖಾಲಿ ಅದ. ಅದು ನಿಂದ ಅಂತ ತಿಳ್ಕೊ."

ಸೂಫಿಯಾ ಭೂವಿಜ್ಞಾನದ ಎಂ.ಎಸ್ಸಿ. ಕೊನೆಯ ವರ್ಷದಲ್ಲಿದ್ದಳು. ಆ ಕೆಲಸ ಸಿಗದಿದ್ದರೆ ಜೂನ್‌ನಲ್ಲಿ ಹಾಸ್ಟೆಲ್ ಬಿಟ್ಟು ಮಾನ್ವಿಗೆ ಹೋಗಬೇಕು. ಹೋದರೆ ಮತ್ತೆ ರಾಯಚೂರಿಗೆ ಕಳಿಸುವುದಿಲ್ಲವೆಂದು ಅಬ್ಬಾ ಆಗಲೇ ಹೇಳಿದ್ದರು.

ಅರಬ್ಬೀ ಸಮುದ್ರದ ತಳಕ್ಕೆ ಕೊಳವೆ ಇಳಿಸಿ ತೆಗೆದ ಕೆಸರು ನಲವತ್ತು ಡಬ್ಬಿಗಳಲ್ಲಿ ವಿಭಾಗಕ್ಕೆ ಬಂದಿತ್ತು. ನಲವತ್ತನೆಯದು ತೀರ ಕೆಳಗಿನದು, ತೀರ ಹಳೆಯದು. ಕೆಸರಿನೊಳಗೆ ಮರಳಿನ ಕಣದಷ್ಟು ಚಿಪ್ಪುಗಳು. ಒಂದು ಕಾಲದಲ್ಲಿ ನೀರಿನಲ್ಲಿ ತೇಲುತ್ತಿದ್ದ ಸೂಕ್ಷ್ಮಜೀವಿಗಳವು. ಹಳೆಯವು ಚಪ್ಪಟೆ. ಕಾಲ ಕಳೆದಂತೆ ಅದೇ ಜಾತಿ ಎತ್ತರವಾಗುತ್ತಾ ಬಂದಿದೆ. ಫೋಟೊದಲ್ಲಿ ಅಂಚಿನ ಮೇಲೆ ಮೌಸಿನಿಂದ ಚುಕ್ಕಿ ಇಟ್ಟು ಚಿಪ್ಪಿನ ಎತ್ತರವನ್ನೂ ಅಗಲವನ್ನೂ ಅಳೆದು, ಎತ್ತರವನ್ನು ಅಗಲದಿಂದ ಭಾಗಿಸಿದರೆ ಕೆಸರಿನ ವಯಸ್ಸು ಗೊತ್ತಾಗುತ್ತದೆ. ಡಬ್ಬಿಗೆ ಐವತ್ತು ಚಿಪ್ಪು.

ಹಾಸ್ಟೆಲ್‌ಗೆ ಹೋಗುವ ಆಟೋದಲ್ಲಿ ಅವಳು ಗ್ರಾಫ್ ಬಿಚ್ಚಿ ಮತ್ತೆ ನೋಡಿದಳು. ಗೆರೆ ಜಿಗಿದದ್ದು ಇಪ್ಪತ್ಮೂರು ಮತ್ತು ಇಪ್ಪತ್ತೆರಡನೇ ಡಬ್ಬಿಗಳ ನಡುವೆ. ಕೆಳಗಿನಿಂದ ಅಳೆಯುತ್ತಾ ಅವಳು ಮುಗಿಸಿದ್ದು ಇಪ್ಪತ್ಮೂರರ ತನಕ. ಆಗ ಅಮ್ಮಿಯ ಕಣ್ಣಿನ ಆಪರೇಷನ್ ಎಂದು ಹತ್ತು ದಿನ ಮಾನ್ವಿಗೆ ಹೋಗಿದ್ದಳು. ಉಳಿದ ಇಪ್ಪತ್ತೆರಡು ಡಬ್ಬಿಯ ಫೋಟೊಗಳನ್ನು ಅಳೆದವಳು ಅನ್ನಪೂರ್ಣ. ಅದು ಸರ್‌ಗೆ ಗೊತ್ತಿರಲಿಲ್ಲ.

ಅನ್ನಪೂರ್ಣ ಹಾಸ್ಟೆಲ್‌ನಲ್ಲಿ ಸೂಫಿಯಾಳ ರೂಮಿನವಳು, ದೇವದುರ್ಗದ ಕಡೆಯವಳು. ಕನ್ನಡ ಎಂ.ಎ. ಓದುತ್ತಾ ಹಾಸ್ಟೆಲ್ ಹುಡುಗಿಯರಿಗೆ ಬ್ಲೌಸ್ ಹೊಲಿಯುತ್ತಿದ್ದಳು. ಸೂಫಿಯಾ ಒಳಗೆ ಬಂದಾಗ ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ಮಷಿನ್ ಮುಂದೆ ಕೂತಿದ್ದಳು.

"ಲೇ, ಇದೊಂದ ಚಿಪ್ಪು ಅಳಿ," ಎಂದು ಸೂಫಿಯಾ ಲ್ಯಾಪ್‌ಟಾಪ್ ಅವಳ ಮುಂದೆ ಇಟ್ಟಳು.

"ಮತ್ತ ಶುರು ಆತೇನ್ ನಿಂದು? ಸಾವಿರದ ನೂರು ಅಳದೀನಿ. ಕನಸಿನಾಗೂ ಅವ ಬರಾಕತ್ತಾವ."

ಆದರೂ ಅಳೆದಳು. ಎತ್ತರ ಇನ್ನೂರ ಮೂವತ್ತಾರು ಮೈಕ್ರಾನ್, ಅಗಲ ನಾನೂರ ನಲವತ್ತೆಂಟು. ಅದೇ ಚಿಪ್ಪು ಸೂಫಿಯಾಗೆ ಇನ್ನೂರ ಹನ್ನೆರಡು, ನಾನೂರ ಇಪ್ಪತ್ನಾಲ್ಕು. ಹತ್ತು ಚಿಪ್ಪು ಮಾಡಿಸಿದಳು. ಹತ್ತರಲ್ಲೂ ಹೆಚ್ಚುಕಡಿಮೆ ಅಷ್ಟೇ ವ್ಯತ್ಯಾಸ. ಹನ್ನೊಂದನೆಯದಕ್ಕೆ ಪರದೆಯ ಹತ್ತಿರ ಬಗ್ಗಿ ಅವಳ ಕೈಯನ್ನೇ ನೋಡಿದಳು. ಅನ್ನಪೂರ್ಣ ಚುಕ್ಕಿ ಇಡುತ್ತಿದ್ದುದು ಅಂಚಿನ ಮೇಲಲ್ಲ, ಅಂಚಿನಿಂದ ಒಂದು ಕೂದಲೆಳೆ ಆಚೆ.

"ಹೊರಗ್ಯಾಕ ಇಡ್ತಿ?"

"ಹೊಲಿಗಿಗೆ ಒಂದೀಟು ಬಿಡಬೇಕಲ್ಲ." ಹೇಳಿದ ಮೇಲೆ ಅವಳಿಗೇ ನಗು ಬಂತು. "ಕೈಗೆ ರೂಢಿ ಆಗಿಬಿಟ್ಟದ ಬೇ. ಗೆರಿ ಮ್ಯಾಲ ಕತ್ತರಿ ಹಾಕಿದ್ರ ನಮ್ಮವ್ವ ಮಂಡಿಗೆ ಸ್ಕೇಲಿಲೆ ಹೊಡೀತಿದ್ಲು."

ಸೂಫಿಯಾ ಕಾಗದ ತೆಗೆದು ಭಾಗಿಸಿದಳು. ಎತ್ತರಕ್ಕೂ ಅಗಲಕ್ಕೂ ಒಂದೇ ಅಷ್ಟು ಕೂಡಿದರೆ ಚಪ್ಪಟೆ ಚಿಪ್ಪು ಲೆಕ್ಕದಲ್ಲಿ ತುಸು ಎತ್ತರದ್ದಾಗುತ್ತದೆ. ಎತ್ತರದ್ದಾದರೆ ಹೊಸದಾಗುತ್ತದೆ. ಎಷ್ಟು ಹೊಸದು? ಆರು ಲಕ್ಷ ವರ್ಷ. ಸಮುದ್ರ ಏನನ್ನೂ ಕೊಚ್ಚಿಕೊಂಡು ಹೋಗಿರಲಿಲ್ಲ.

"ಹೇಳಬ್ಯಾಡ," ಎಂದಳು ಅನ್ನಪೂರ್ಣ. ಈಗ ನಗುತ್ತಿರಲಿಲ್ಲ. "ಆ ಹುಳ ಎದ್ದು ಬಂದು ನಂದು ಅಳತಿ ತಪ್ಪೈತಿ ಅಂತಾವೇನ್? ಕೆಲಸ ತಗೊ ಮೊದಲ."

ಸೂಫಿಯಾ ಲ್ಯಾಪ್‌ಟಾಪ್ ತನ್ನ ಕಡೆ ಎಳೆದುಕೊಂಡಳು. ಇನ್ನೊಂದು ಚಿಪ್ಪಿನ ಫೋಟೊ ತೆರೆದಳು. ಊಟದ ಗಂಟೆ ಹೊಡೆದದ್ದು ಇಬ್ಬರಿಗೂ ಕೇಳಿಸಲಿಲ್ಲ.

ಶನಿವಾರ ಬೆಳಿಗ್ಗೆ ಇಬ್ಬರೂ ವಿಭಾಗಕ್ಕೆ ಹೋದರು. ಅನ್ನಪೂರ್ಣ ಬಾಗಿಲ ಹೊರಗೆ ನಿಂತಳು. ಸೂಫಿಯಾ ಒಳಗೆ ಹೋಗಿ ಎಲ್ಲವನ್ನೂ ಹೇಳಿದಳು.

"ಬ್ಲೌಸ್ ಹೊಲಿಯಾಕಿ ಕೈಲೆ ಅಳಿಸೀಯಾ?" ಸರ್ ಧ್ವನಿ ಏರಿಸಲಿಲ್ಲ. "ನಾನು ಧಾರವಾಡಕ್ಕ ಫೋನ್ ಮಾಡಿ ಹೇಳೀನಿ, ಗೊತ್ತದ? ಆ ಜಾಗ ಮರ್ತುಬಿಡು. ಹೋಗು."

ಸೂಫಿಯಾ ಹೋಗಲಿಲ್ಲ. ರಾತ್ರಿಯಿಂದ ಒಂದು ಪ್ರಶ್ನೆ ತಲೆಯಲ್ಲಿ ಕೊರೆಯುತ್ತಿತ್ತು. ಅನ್ನಪೂರ್ಣಳ ಕೈ ತಪ್ಪು ಸರಿ. ತನ್ನ ಕೈ ಸರಿಯೆಂದು ಹೇಳಿದವರು ಯಾರು?

"ಸರ್, ಇದೊಂದ ಚಿಪ್ಪು ನೀವು ಅಳೀರಿ."

"ನನಗ ಪರೀಕ್ಷಾ ಮಾಡ್ತಿಯೇನು?"

"ಇಲ್ರೀ ಸರ್. ಎಷ್ಟು ಬರ್ತದ ನೋಡಬೇಕಾಗ್ಯಾದ."

ಅವರು ಅವಳ ಮುಖ ನೋಡಿದರು. ಆಮೇಲೆ ಕನ್ನಡಕ ಹಾಕಿಕೊಂಡು ಮೌಸ್ ಎಳೆದುಕೊಂಡರು. ಚಿಪ್ಪಿನ ಅಂಚು ಮಸುಕಾಗಿದ್ದಲ್ಲಿ ತಡೆದು, ಸ್ಪಷ್ಟವಾಗಿ ಕಾಣುವ ಒಳಗೆರೆಯ ಮೇಲೆ ಚುಕ್ಕಿ ಇಟ್ಟರು. ಎತ್ತರ ನೂರ ತೊಂಬತ್ತಾರು. ಅಗಲ ನಾನೂರ ಎಂಟು. ಸೂಫಿಯಾ ಅದನ್ನು ಅದೇ ಚಿಪ್ಪಿನ ಮೊದಲಿನ ಎರಡು ಅಳತೆಗಳ ಕೆಳಗೆ ಮೂರನೆಯದಾಗಿ ಬರೆದು ಭಾಗಿಸಿದಳು. ಸರ್ ಕೈಯಲ್ಲಿ ಚಿಪ್ಪು ಅವಳದಕ್ಕಿಂತ ನಾಲ್ಕು ಲಕ್ಷ ವರ್ಷ ಹಳೆಯದಾಗಿತ್ತು.

ಸರ್ ಕಾಗದ ಇಸಿದುಕೊಂಡು ತಾವೇ ಭಾಗಿಸಿ ನೋಡಿದರು. ಮತ್ತೊಮ್ಮೆ ಅಳೆದರು. ಈ ಸಲ ಎತ್ತರ ಇನ್ನೂರ ಒಂದು ಬಂತು. ಫ್ಯಾನ್ ಗಾಳಿಗೆ ಮೇಜಿನ ಮೇಲಿನ ಗ್ರಾಫ್ ಸುರುಳಿಯಾಗಿ ಕೆಂಪು ಬಾಣ ಒಳಗೆ ಹೋಯಿತು. ಅವರು ಅದನ್ನು ಬಿಡಿಸಲಿಲ್ಲ.

"ಆಕಿನ್ನ ಒಳಗ ಕರಿ. ಯಾರ ಕೈ ಎಷ್ಟು ತಪ್ಪತದ ನೋಡೂಣು," ಎಂದರು.

ಅನ್ನಪೂರ್ಣ ಚಪ್ಪಲಿ ಹೊರಗೆ ಬಿಟ್ಟು ಬಂದಳು. ಸರ್ ಕುರ್ಚಿ ಬಿಟ್ಟು ಎದ್ದು, ಅವಳ ಬೆನ್ನ ಹಿಂದೆ ನಿಂತು ಪರದೆಯತ್ತ ಬಗ್ಗಿದರು. ಅವಳು ಸೆರಗಿಗೆ ಕೈ ಒರೆಸಿಕೊಂಡು ಮೌಸ್ ಹಿಡಿದಳು. ಮೌಸಿನ ಗುರುತು ಚಿಪ್ಪಿನ ಸುತ್ತ ಒಂದು ಸಲ ತಿರುಗಿ, ಅಂಚಿನ ಹತ್ತಿರ ಬಂದು ನಿಂತಿತು.