ಚಪ್ಪಲಿ ಗುರುತಿನ ಮೇಲೆ

ನಾನು, ಚೆನ್ನಮ್ಮ, ಸುಲಭಕ್ಕೆ ಹೆದರುವವಳಲ್ಲ. ಆದರೆ ಅವತ್ತು ತೋಟದ ಮೋಟರ್ ಹಾಕಿ ಮನೆಗೆ ಬರುವಾಗ ಹುಣಸೆಮರದ ಹತ್ತಿರ ಗಕ್ಕನೆ ನಿಂತುಬಿಟ್ಟೆ. ಹೋಗುವಾಗ ಹಸಿ ಮಣ್ಣಿನಲ್ಲಿ ಬಿದ್ದಿದ್ದ ನನ್ನ ಚಪ್ಪಲಿ ಗುರುತುಗಳ ಮೇಲೆ ಈಗ ಚಿರತೆಯ ಹೆಜ್ಜೆಗಳಿದ್ದವು. ಅಯ್ಯೋ ದೇವರೇ, ಅದು ದಾರಿಗೆ ಅಡ್ಡ ಬಂದದ್ದಲ್ಲ, ನನ್ನ ಹಿಂದೆಯೇ ನಡೆದು ಬಂದಿತ್ತು.

ಮದುವೆಯಾಗಿ ಚೇಳೂರಿಗೆ ಬಂದಾಗಿನಿಂದ ನನ್ನದು ಅದೇ ಹೊತ್ತು, ಅದೇ ದಾರಿ. ಗುಡ್ಡ ಹತ್ತಿ ಇಳಿದರೂ ತೋಟ ಸಿಗುತ್ತದೆ, ಒಂದು ದಿನವೂ ಹತ್ತಿದವಳಲ್ಲ. ತುಮಕೂರಿನ ಶೆಟ್ಟಿಹಳ್ಳಿಯಲ್ಲಿರುವ ಮಗಳು ಇಂಪನಾ ಬಂದಾಗಲೆಲ್ಲ ರೇಗಿಸುವಳು, "ಅಮ್ಮ, ಕಣ್ಣು ಕಟ್ಟಿ ಬಿಟ್ರೂ ತೋಟಕ್ಕೆ ಹೋಗ್ತೀಯ. ಆ ಗುಡ್ಡದ ಮೇಲೇನೈತೆ ಅಂತ ಮಾತ್ರ ಗೊತ್ತಿಲ್ಲ!" ಏನು ಮಾಡಲಿ, ನಾನು ಬೆಳೆದದ್ದೇ ಹಾಗೆ. ಗಂಡನ ಹೆಸರು ಬಾಯಲ್ಲಿ ಬಂದರೆ ಅವರ ಆಯಸ್ಸು ಕಮ್ಮಿಯಾಗುತ್ತದೆ ಎಂದು ಅತ್ತೆ ಹೇಳಿದ್ದನ್ನು ಅವತ್ತಿನವರೆಗೂ ಮೀರಿರಲಿಲ್ಲ. ಗುಬ್ಬಿಯ ತಾಲ್ಲೂಕು ಆಫೀಸಿನಲ್ಲಿ ಕೇಳಿದಾಗಲೂ ಮಗಳ ಬಾಯಿಂದಲೇ ಹೇಳಿಸಿದ್ದೆ.

ಹೆಜ್ಜೆಯ ವಿಷಯ ಹೇಳಿದರೆ ಗಂಡ ಹಲ್ಲುಜ್ಜುತ್ತಲೇ ನಕ್ಕರು.

"ನಾಯಿದಿರ್ತದೆ ಬುಡು."

"ನಾಯಿದಾದ್ರೆ ಉಗುರು ಕಾಣ್ಬೇಕು ಕಣ್ರೀ. ಇದ್ರಲ್ಲಿ ಉಗುರೇ ಇಲ್ಲ."

"ಇಷ್ಟು ವರ್ಷ ಆ ದಾರೀಲಿ ಏನಾಗೈತೆ? ಏನೂ ಆಗಲ್ಲ."

ನನಗೆ ಮೈಯೆಲ್ಲ ಉರಿದುಹೋಯಿತು. ಅದೇ ಮಾತನ್ನು ನಂಬಿಕೊಂಡು ನಾನೂ ಇಷ್ಟು ದಿನ ನಡೆದಿದ್ದೆ. ಚೆನ್ನಮ್ಮ ನಾಳೆಯೂ ಇದೇ ಹೊತ್ತಿಗೆ ಬರುತ್ತಾಳೆ ಎಂದು ಆ ಪ್ರಾಣಿಯೂ ನಂಬಿತ್ತು.

"ನಾಳೆ ನಾನು ಗುಡ್ಡದ ಮೇಲಿಂದ ಹೋಗ್ತೀನಿ," ಎಂದೆ.

"ತಲೆ ಕೆಟ್ಟೈತೆ ನಿಂಗೆ. ಹಳೇ ದಾರೀಲೇ ಹೋಗಿ ನಾನೇ ಮೋಟ್ರು ಹಾಕ್ತೀನಿ, ನೋಡ್ತಾ ಇರು!"

ಬೆಳಗ್ಗೆ ಅವರಿಗಿಂತ ಮೊದಲೇ ಹೊರಟೆ. ಲಾಂಟಾನ ಪೊದೆ ಸೀರೆ ಹಿಡಿದೆಳೆಯಿತು. ಕಾಲ ಬುಡದಿಂದಲೇ ಕೌಜುಗವೊಂದು ಪುರ್ರೆಂದು ಹಾರಿತು. ಮೇಲೆ ಬಂಡೆಯ ಮೇಲೆ ನಿಂತಾಗ ಗಾಳಿ ಮುಖಕ್ಕೆ ಬಡಿಯಿತು. ನಮ್ಮ ತೆಂಗು, ಅದರಾಚೆ ಕೆರೆ, ಗುಬ್ಬಿಗೆ ಹೋಗುವ ಬಸ್ಸು, ಎಲ್ಲವೂ ಕಂಡವು. ಇಷ್ಟು ಹತ್ತಿರವಿದ್ದದ್ದನ್ನು ನೋಡದೆ ತಲೆ ಬೆಳ್ಳಗಾಯಿತಲ್ಲ ಎಂದು ಅಳುವೇ ಬಂತು.

ಆಗ ಕೆಳಗೆ ಹುಣಸೆಮರದ ಬುಡದ ಹುಲ್ಲು ಅಲುಗಿತು. ದಾರಿಗೆ ಮುಖ ಮಾಡಿ ಚಿರತೆ ಅವಿತು ಕೂತಿತ್ತು. ನನಗಾಗಿ ಕಾಯುತ್ತಿತ್ತು. ತಿರುವಿನಲ್ಲಿ ಹೆಗಲ ಮೇಲೆ ಟವೆಲ್ ಹಾಕಿಕೊಂಡು ನನ್ನ ಗಂಡ ಬರುತ್ತಿದ್ದರು.

"ರೀ! ರೀ!" ಎಂದು ಕಿರುಚಿದೆ.

ಅವರು ತಲೆ ಎತ್ತಲಿಲ್ಲ. ಸುತ್ತಲ ತೋಟಗಳಲ್ಲಿ ಹೆಂಗಸರು ಗಂಡಂದಿರನ್ನು ಕೂಗುವುದೆಲ್ಲ ಹೀಗೇ. ಯಾರದೋ ಹೆಂಡತಿ ಯಾರನ್ನೋ ಕರೆಯುತ್ತಿದ್ದಾಳೆ ಅಂದುಕೊಂಡಿರಬೇಕು. ಹುಲ್ಲಿನಲ್ಲಿ ಬಾಲ ಆಡಿತು. ಹೆಸರು ಹಿಡಿದು ಕೂಗೋಣವೆಂದರೆ ಅತ್ತೆಯ ಮಾತು ಅಡ್ಡ ಬಂತು.

"ಶಿವರಾಮಯ್ಯಾ! ನಿಂತ್ಕೊಳೋ ಅಲ್ಲೇ!"

ಕಪಾಳಕ್ಕೆ ಹೊಡೆಸಿಕೊಂಡವರಂತೆ ನಿಂತು ಮೇಲೆ ನೋಡಿದರು. ನಾನು ಕೈ ತೋರಿಸಿದ ಕಡೆ ನೋಡಿ ಹಿಂದೆ ಹಿಂದೆ ಸರಿದರು. ಚಿರತೆ ಎದ್ದು ನಿಂತಿತು. ಅದೂ ತಲೆಯೆತ್ತಿ, ನಾನು ಹತ್ತಿ ಬಂದ ದಾರಿಯನ್ನು, ಆಮೇಲೆ ನನ್ನನ್ನು ನೋಡಿತು. ಅವಸರವೇ ಇಲ್ಲದೆ ತೋಟದೊಳಗೆ ಹೋಯಿತು.

ಗಂಡ ಏದುಸಿರು ಬಿಡುತ್ತಾ ಗುಡ್ಡ ಹತ್ತಿ ಬಂದು ನನ್ನ ಕೈ ಹಿಡಿದುಕೊಂಡರು.

"ಬಂದ ದಾರೀಲೇ ಇಳಿಯಾಣ, ಬಾ," ಎಂದರು.

"ಅದು ಆ ದಾರಿ ನೋಡ್ಕೊಂಡೈತೆ," ಎಂದೆ. ತೋಟದ ಕಡೆಗೂ ಅಲ್ಲದೆ ಗುಡ್ಡದ ಇನ್ನೊಂದು ಮಗ್ಗುಲಿಗೆ, ನಾವಿಬ್ಬರೂ ಕಂಡಿರದ ಕಡೆಗೆ, ಅವರನ್ನು ಎಳೆದುಕೊಂಡು ಹೊರಟೆ.