ಏಳನೆಯ ಖಾನೆ

ಮನುಷ್ಯನ ನಿಜವಾದ ನೆಲೆ ಎಲ್ಲಿ ಎಂಬ ಗಹನ ಪ್ರಶ್ನೆ ಪುಣೆಯ ಮಾರ್ಕೆಟ್ ಯಾರ್ಡಿನಲ್ಲಿ ಒಂದು ಸೋಮವಾರ, ಬೆಳಿಗ್ಗೆ ಹನ್ನೊಂದಕ್ಕೆ, ಇತ್ಯರ್ಥವಾಯಿತು. ಇತ್ಯರ್ಥ ಮಾಡಿದ್ದು ಕೂಲಿ ಗುತ್ತಿಗೆದಾರನ ಹೊಸ ಕಂಪ್ಯೂಟರ್ ಅರ್ಜಿಯ ಏಳನೆಯ ಖಾನೆ.

"ಏ ಮುದಿ ರಂಡೆ, ಬಾಯಾಗ ಉಳ್ಳಾಗಡ್ಡಿ ಇಟ್ಟಕೊಂಡೀ ಏನ? ಅಡ್ರೆಸ್ ಒದರು!" ಗುತ್ತಿಗೆದಾರನ ಮ್ಯಾನೇಜರ್, ಸೊಲ್ಲಾಪುರದ ಮಧುಕರ್, ಗದರಿದ.

"ಹೇಳೀನಲ್ರಿ ಸಾಹೇಬ್ರ. ನಾಲಾ ದಂಡಿ, ಪತ್ರಾ ಶೆಡ್ಡು."

ಉಳ್ಳಾಗಡ್ಡಿ ಆರಿಸುವ ತಿಪ್ಪವ್ವ ಆ ಕೊಳಚೆ ಕಾಲುವೆ ದಂಡೆಯ ತಗಡಿನ ಶೆಡ್ಡಿನಲ್ಲಿದ್ದು ಹತ್ತೊಂಬತ್ತು ವರ್ಷ. ಅರ್ಜಿ ತುಂಬಿ ಕಾರ್ಡು ಪಡೆಯದವರಿಗೆ ಒಂದನೇ ತಾರೀಖಿನಿಂದ ಕೆಲಸವಿಲ್ಲ.

ಅರ್ಜಿ ತಯಾರಿಸಿದ ಮಿಥುನ ಮೈಸೂರಿನವನು. "ಅಡ್ರೆಸ್ ಖಾನೇಲಿ ಟೈಪ್ ಮಾಡೋಕಾಗಲ್ಲ ಸರ್. ಪಿನ್‌ಕೋಡ್ ಹಾಕಿದ್ರೆ ಒಂದು ಕ್ವೆರಿ ಹೋಗಿ ಸೊಸೈಟಿಗಳ, ಅಂದ್ರೆ ಅಪಾರ್ಟ್‌ಮೆಂಟ್‌ಗಳ, ಲಿಸ್ಟ್ ತರುತ್ತೆ. ಸೊಸೈಟಿ ಒತ್ತಿದ್ರೆ ಇನ್ನೊಂದು ಕ್ವೆರಿ ಫ್ಲ್ಯಾಟ್ ನಂಬರ್ ತರುತ್ತೆ. ನಾಲಾ ಅದ್ರಲ್ಲಿಲ್ಲ."

"ಸೇರಸಪ್ಪಾ ಮತ್ತ."

"ಆ ಪಟ್ಟಿ ಬಿಲ್ಡರ್‌ಗಳದ್ದಮ್ಮ. ನಾನು ಮುಟ್ಟೋ ಹಾಗಿಲ್ಲ."

ಮುಟ್ಟಬಾರದ ವಸ್ತುಗಳು ತಿಪ್ಪವ್ವನಿಗೆ ಹೊಸವಲ್ಲ.

"ನಾಲಾದಾಗ ಹಂದಿ ಇರ್ತಾವ, ಮಂದಿ ಅಲ್ಲ." ಮಧುಕರ್ ಚಹಾಕ್ಕೆ ಎದ್ದ. "ಯಾವದರ ಒಂದ ಒತ್ತಿ ಮುಗಸೋ. ಸಂಜೀತನಾ ಮೂವತ್ತೇಳೂ ಅರ್ಜಿ ಹೋಗಬೇಕು."

ಮಿಥುನ ಕೇಳಿದ: "ನಿಮ್ಗೆ ಗೊತ್ತಿರೋ ಸೊಸೈಟಿ ಯಾವುದಾದ್ರೂ ಇದ್ಯಾ?"

ಇತ್ತು, ಒಂದೇ. ತಿಂಗಳಿಗೊಮ್ಮೆ ಅವಳು ಮಧುಕರನ ಮನೆಗೆ ಉಳ್ಳಾಗಡ್ಡಿ ಚೀಲ ಹೊರುತ್ತಿದ್ದಳು. ಆರು ಮಹಡಿ, ಮೆಟ್ಟಿಲು ಹತ್ತಿ. ಲಿಫ್ಟಿಗೆ ವಾಸನೆ ಹತ್ತುತ್ತದೆಂದು ಅವನ ಹೆಂಡತಿಯ ಅಪ್ಪಣೆ.

"ಶ್ರೀಛಾಯಾ ಹೈಟ್ಸ್. ಆರನೂರಾ ಮೂರು."

ಹಿಂದೆ ನಿಂತಿದ್ದ ಗೋದಾ ಸೆರಗಿನಲ್ಲಿ ನಕ್ಕಳು. "ನಂಗೂ ಅದನ್ನ ಒತ್ತೋ ಯಪ್ಪಾ."

ಸಾಲಿನಲ್ಲಿದ್ದವರೆಲ್ಲ ಅದನ್ನೇ ಹೇಳಿದರು.

"ಎಲ್ರೂ ಒಂದೇ ಮನೇನಾ?"

"ಹೂಂ," ತಿಪ್ಪವ್ವ ಅಂದಳು. "ದೊಡ್ಡ ಒಕ್ಕಲ ನಮ್ದು."

ಕ್ವೆರಿ ತಕರಾರು ಮಾಡಲಿಲ್ಲ. ಮಿಥುನನೂ ಮಾಡಲಿಲ್ಲ.

ಹತ್ತು ದಿನಕ್ಕೆ ಮೂವತ್ತೇಳು ಕಾರ್ಡುಗಳು ಅಂಚೆಯಲ್ಲಿ ಮಧುಕರನ ಮನೆಗೆ ಬಂದವು. "ಬೋಸುಡಿಗೋಳ್ರಾ, ನನ್ನ ಮನೀ ಅಡ್ರೆಸ್ ಕೊಡ್ತೀರಿ? ಒಂದೂ ಕಾರ್ಡ್ ಕೊಡಾಂಗಿಲ್ಲ!"

ಮೂವತ್ತನೇ ತಾರೀಖು ಶ್ರೀಛಾಯಾದ ಗೇಟಿನಲ್ಲಿ ವಾಚ್‌ಮನ್ ಹುಸೇನಪ್ಪ ಮೂವತ್ತೇಳೂ ಮಂದಿಗೆ ಕೈ ಅಡ್ಡ ಹಿಡಿದ. "ಎಲ್ಲಿ ಹೊಂಟೀರಿ ಯಕ್ಕಾ? ಒಳಗ ಇಲ್ಲಿ ಇರಾವರಿಗಷ್ಟ."

"ನಾವ ಇರಾವರು. ಆರನೂರಾ ಮೂರು."

ತಿಪ್ಪವ್ವ ಅರ್ಜಿಯ ರಸೀದಿ ಕೊಟ್ಟಳು. ಅದೇ ವಿಳಾಸ ಇತ್ತು, ಮೊಹರು ಇತ್ತು, ಓದದೆ ಹಾಕಿದ ಮಧುಕರನ ಸಹಿಯೂ ಇತ್ತು. ಹುಸೇನಪ್ಪ ಎರಡು ಸಲ ಓದಿ ಗೇಟು ತೆರೆದ.

"ಮೆಟ್ಟಲಾ ಅತ್ಲಾಗ ಅದಾವ."

"ಗೊತ್ತದ."

ಲಿಫ್ಟು ಸಲಕ್ಕೆ ಆರು ಜನರದು. ಏಳು ಸಲ ಹೋಯಿತು.