ಎಡಗಡೆಯ ಅರ್ಧ

ತಮ್ಮನ ಗೊಂಬೆಗಳೆಂದರೆ ಅಕ್ಕನಿಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಹೆಬ್ಬೆರಳಿನಷ್ಟು ಎತ್ತರದ ಪ್ಲಾಸ್ಟಿಕ್ ಸಿಪಾಯಿಗಳು. ಅವಕ್ಕೆ ಕತ್ತಿ, ಗುರಾಣಿ, ಕೆನ್ನೆಯ ಮೇಲೊಂದು ಗಾಯದ ಗುರುತು ಬೇರೆ. ಸರ್ವೆ ಕಚೇರಿಯಲ್ಲಿ ನಕ್ಷೆ ಬರೆದು ಮನೆಗೆ ಬಂದವನು ಬೂಟು ಕೂಡ ಬಿಚ್ಚದೆ ಮೇಜಿನ ದೀಪ ಹಾಕಿಕೊಂಡು ಅವುಗಳ ಮುಂದೆ ಕೂತುಬಿಡುತ್ತಿದ್ದ. ಭಾನುವಾರ ಅವನಂಥವರೇ ನಾಲ್ಕು ಜನ ಸೇರಿ, ದೊಡ್ಡ ಮೇಜಿನ ಮೇಲೆ ಸೇನೆ ಹೂಡಿ, ದಾಳ ಉರುಳಿಸಿ ಯುದ್ಧ ಆಡುತ್ತಿದ್ದರು. ಅವರ ಬಾಯಲ್ಲಿ ಅವನು ದಂಡನಾಯಕ. "ಮದುವೆ ಆಗಿದ್ರೆ ಇಷ್ಟೊತ್ತಿಗೆ ನಿಜವಾದ ಮಕ್ಕಳಿಗೇ ಬಣ್ಣದ ಅಂಗಿ ಹಾಕ್ತಿದ್ದೆ" ಎಂದು ಅಕ್ಕ ಚುಚ್ಚಿದರೆ, "ಇವು ಎದುರು ಮಾತಾಡಲ್ಲ ಅಕ್ಕ, ಅದೇ ಇವುಗಳ ದೊಡ್ಡ ಗುಣ" ಎನ್ನುತ್ತಿದ್ದ, ತಲೆ ಎತ್ತದೆ.

ಹಾಗೆ ನೋಡಿದರೆ ಅಕ್ಕನ ಬದುಕೂ ಸಣ್ಣ ವಸ್ತುಗಳದೇ. ಹಲ್ಲು ಕಟ್ಟುವ ಲ್ಯಾಬಿನಲ್ಲಿ ಮೂವತ್ತೊಂದು ವರ್ಷ ಪಿಂಗಾಣಿ ಹಲ್ಲುಗಳಿಗೆ ಬಣ್ಣ ಕೊಟ್ಟವಳು ಅವಳು. ಪಕ್ಕದ ಹಲ್ಲು ಹೇಗಿದೆಯೋ ಹೊಸ ಹಲ್ಲೂ ಹಾಗೇ ಇರಬೇಕು. ಅದರ ಮೇಲೆ ಕಾಫಿ ಕಲೆ ಇದ್ದರೆ ಇದರ ಮೇಲೂ ಕಲೆ, ಅದು ಸವೆದಿದ್ದರೆ ಇದೂ ಸವೆದಂತೆ ಕಾಣಬೇಕು. "ಚೆಂದ ಮಾಡೋಕೆ ಹೋಗ್ಬೇಡಿ, ಚೆಂದ ಮಾಡಿದ್ರೆ ಸಿಕ್ಕಿಬೀಳುತ್ತೆ" ಎಂದು ಹೊಸಬರಿಗೆ ಹೇಳಿ ಹೇಳಿ ಅವಳ ಬಾಯಿ ಸೋತಿತ್ತು. ಗಂಡ ತೀರಿಕೊಂಡ ಮೇಲೆ, ಒಂಟಿ ಮನೆಯಲ್ಲಿ ಗೋಡೆ ನೋಡುತ್ತಾ ಕೂರುವುದಕ್ಕಿಂತ ವಾಸಿ ಎಂದು, ಮೂರನೇ ಮಹಡಿಯಲ್ಲಿದ್ದ ತಮ್ಮನ ಎರಡು ಕೋಣೆಯ ಮನೆಗೆ ಬಂದು ಸೇರಿಕೊಂಡಳು.

ಅವಳು ಬಂದ ಎರಡನೇ ವರ್ಷ ತಮ್ಮನಿಗೆ ಲಕ್ವ ಹೊಡೆಯಿತು. ಎಡಗೈ, ಎಡಗಾಲು ಬಿದ್ದುಹೋದವು. ಅದು ಎಲ್ಲರಿಗೂ ಗೊತ್ತಿರುವ ಲಕ್ವ. ಆದರೆ ಅದರ ಜೊತೆಗೆ ಇನ್ನೊಂದು ಬಂದಿತ್ತು. ಎಡ ಎನ್ನುವುದೇ ಅವನ ಪಾಲಿಗೆ ಇಲ್ಲವಾಗಿತ್ತು. ತಟ್ಟೆಯ ಬಲಗಡೆಯ ಅನ್ನ ತಿಂದು, ಎಡಗಡೆ ಅಷ್ಟೂ ಹಾಗೇ ಇರುವಾಗ, "ಇಷ್ಟೇನಾ?" ಎಂದು ಕೇಳುತ್ತಿದ್ದ. ಅಕ್ಕ ತಟ್ಟೆ ತಿರುಗಿಸಿದರೆ ಉಳಿದದ್ದನ್ನೂ ತಿನ್ನುತ್ತಿದ್ದ. ಬಲಗೆನ್ನೆ ನುಣ್ಣಗೆ ಬೋಳಿಸಿಕೊಂಡು, ಎಡಗೆನ್ನೆಯ ಗಡ್ಡ ಹಾಗೇ ಬಿಟ್ಟುಕೊಂಡು ಕೂತಿರುತ್ತಿದ್ದ. ಕಣ್ಣಿಗೇನೂ ಆಗಿಲ್ಲ, ಮೆದುಳು ಆ ಕಡೆ ಗಮನ ಕೊಡುವುದನ್ನು ಬಿಟ್ಟಿದೆ, ತಮಗೇನೋ ಕಾಣುತ್ತಿಲ್ಲ ಎನ್ನುವುದು ಕೂಡ ಇಂಥವರಿಗೆ ಗೊತ್ತಾಗುವುದಿಲ್ಲ ಎಂದರು ಡಾಕ್ಟರು.

ಮನೆಗೆ ಬಂದವನು ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟ. ಊಟ ಬೇಡ, ಮಾತು ಬೇಡ. ಇವನು ಹೀಗೇ ಕರಗಿಹೋಗುತ್ತಾನೆ ಎಂದು ಅಕ್ಕನಿಗೆ ಜೀವ ಬಾಯಿಗೆ ಬಂದಿತ್ತು. ಲ್ಯಾಬಿನ ಹಳೆಯ ಸ್ನೇಹಿತೆಯನ್ನು ಕೇಳಿ ಒಂದು ಪುಟ್ಟ ಇಕ್ಕಳದ ಸ್ಟ್ಯಾಂಡ್ ತಂದಳು. ಅದನ್ನು ಮೇಜಿಗೆ ಕಚ್ಚಿಸಿ, ಗೊಂಬೆಯೊಂದನ್ನು ಸಿಕ್ಕಿಸಿ, ತಮ್ಮನನ್ನು ಎಬ್ಬಿಸಿ ಕೂರಿಸಿ, ಬಲಗೈಗೆ ಬ್ರಷ್ ಕೊಟ್ಟಳು. ಹಿಡಿಯುವ ಕೈ ಇಲ್ಲದಿದ್ದರೇನು, ಬಳಿಯುವ ಕೈ ಇದೆಯಲ್ಲ.

ಗೊಂಬೆಗಳು ತಯಾರಾಗಿಯೇ ಇದ್ದವು. ಕಾಯಿಲೆಗೆ ಮುಂಚೆ ಆರು ತಿಂಗಳು ಕೂತು ಇಪ್ಪತ್ತನಾಲ್ಕು ಸಿಪಾಯಿಗಳ ಒಂದು ತುಕಡಿ ಕಟ್ಟಿದ್ದ. ಅಂಗಡಿಯಲ್ಲಿ ಸಿಗುವಂತೆ ಎಲ್ಲರೂ ಒಂದೇ ಅಚ್ಚಿನಲ್ಲಿದ್ದರೆ ಅವನಿಗೆ ಆಗದು. ಒಬ್ಬನ ತಲೆ ಕೊಯ್ದು ಇನ್ನೊಬ್ಬನ ಹೆಗಲಿಗೆ ಅಂಟಿಸಿ, ತೋಳು ಕತ್ತರಿಸಿ ತಂತಿ ಚುಚ್ಚಿ ಬೇರೆ ದಿಕ್ಕಿಗೆ ತಿರುಗಿಸಿ, ಸಂದುಗಳಿಗೆ ಪುಟ್ಟಿ ಮೆತ್ತಿ, ಇಪ್ಪತ್ತನಾಲ್ಕು ಜನರಿಗೂ ಬೇರೆ ಬೇರೆ ಭಂಗಿ ಕೊಟ್ಟಿದ್ದ. ಒಬ್ಬ ಆಕಳಿಸುತ್ತಿದ್ದ, ಒಬ್ಬ ಕಾಲಿನ ಮುಳ್ಳು ಕೀಳುತ್ತಿದ್ದ. ಬಣ್ಣ ಕಚ್ಚಿಕೊಳ್ಳಲೆಂದು ಎಲ್ಲರ ಮೇಲೂ ಬೂದು ಪ್ರೈಮರ್ ಹೊಡೆದು ಸಾಲಾಗಿ ನಿಲ್ಲಿಸಿದ್ದ.

ಆ ದಿನ ತಮ್ಮ ಎರಡು ಗಂಟೆ ಬಳಿದ. ಆಮೇಲೆ ತಾನಾಗಿ ಊಟ ಕೇಳಿದ. ಐದನೇ ದಿನ "ಮುಗೀತು, ಬೆನ್ನಿಗೆ ನೀನೇ ಕೆಂಪು ತುಂಬಿಬಿಡು, ಬರೀ ನಿಲುವಂಗಿ" ಎಂದ. ಅಕ್ಕ ನೋಡಿದಳು. ಬಲಗಡೆ ಅರ್ಧಕ್ಕೆ ಬಣ್ಣ, ಎಡಗಡೆ ಅರ್ಧ ಬೂದು. ಮೂಗಿನ ನಡುವೆ ಗೆರೆ ಕೊರೆದಂತೆ ನಿಂತುಹೋಗಿತ್ತು. ತಟ್ಟೆ ತಿರುಗಿಸಿದ ಅಭ್ಯಾಸದಲ್ಲಿ ಸ್ಟ್ಯಾಂಡನ್ನೂ ತಿರುಗಿಸಿ, "ಈ ಕಡೆ ಉಳಿದಿದೆಯಲ್ಲೋ" ಎಂದಳು.

ಅವನ ಮುಖ ಬಿಳಚಿಕೊಂಡಿತು. "ನಾನು ಮುಗಿಸಿದ್ದೆ. ಪೂರ್ತಿ ಮುಗಿಸಿದ್ದೆ."

ಬ್ರಷ್ ಕೆಳಗಿಟ್ಟವನು ಒಂಬತ್ತು ದಿನ ಮೇಜಿನ ಹತ್ತಿರ ಸುಳಿಯಲಿಲ್ಲ. ಮತ್ತೆ ಗೋಡೆಯ ಕಡೆ ಮುಖ, ಮತ್ತೆ ಊಟ ಬೇಡ. ಹತ್ತನೇ ದಿನ ಅಕ್ಕ ಹಾಸಿಗೆಯ ಬಳಿ ಕೂತು, ಕಣ್ಣು ಮಿಟುಕಿಸದೆ ಸುಳ್ಳು ಹೇಳಿದಳು. "ನೀನು ಮುಗಿಸಿದ್ದೆ ಕಣೋ. ಆ ಕಡೆ ಪ್ರೈಮರ್ ಸರಿ ಹಿಡಿದಿರ್ಲಿಲ್ಲ ಅನ್ಸುತ್ತೆ, ಬಣ್ಣ ಎದ್ದಿತ್ತು. ನಾನು ಬಟ್ಟೇಲಿ ಒರೆಸಿಬಿಟ್ಟೆ. ಬೈತೀಯ ಅಂತ ಹೇಳ್ಲಿಲ್ಲ."

ತಮ್ಮ ನಿಧಾನವಾಗಿ ಈ ಕಡೆ ತಿರುಗಿದ. "ಬಟ್ಟೇಲಿ ಒರೆಸ್ತಾರಾ ಯಾರಾದ್ರೂ? ನಿನ್ನ ತಲೆ." ಅವತ್ತು ಸಂಜೆ ಅಕ್ಕನ ಹೆಗಲು ಹಿಡಿದು ಮೇಜಿಗೆ ಬಂದು ಕೂತ.

ಅಲ್ಲಿಂದ ಶುರುವಾಯಿತು. ಊಟವಾದ ಮೇಲೆ ತಮ್ಮ ಎರಡು ಗಂಟೆ ಮಲಗುತ್ತಾನೆ. ಆ ಹೊತ್ತಿನಲ್ಲಿ ಅಕ್ಕ ಬಾಗಿಲು ಮುಂದೆ ಮಾಡಿ, ಮೂಗಿನ ತುದಿಗೆ ಕನ್ನಡಕ ಇಳಿಸಿ, ಎಡಗಡೆಯ ಅರ್ಧ ಬಳಿಯುತ್ತಾಳೆ. ಎದ್ದವನಿಗೆ ಅದು ಕಾಣುವುದಿಲ್ಲ, ಕಂಡರೂ ತನ್ನದೇ ಎಂದುಕೊಳ್ಳುತ್ತಾನೆ. ಹೀಗೆ ಒಂದೊಂದೇ ಸಿಪಾಯಿ ಕಪಾಟು ಸೇರಿತು. ತಮ್ಮ ಶಿಳ್ಳೆ ಹಾಕುವುದನ್ನು ಮತ್ತೆ ಶುರು ಮಾಡಿದ. ಗೊಂಬೆಯೆಂದರೆ ಮೂಗು ಮುರಿಯುತ್ತಿದ್ದವಳು ಮಧ್ಯಾಹ್ನ ಯಾವಾಗ ಆಗುತ್ತದೋ ಎಂದು ಗಡಿಯಾರ ನೋಡತೊಡಗಿದಳು. ಇದನ್ನು ಯಾರಾದರೂ ಹೇಳಿದ್ದರೆ ಅವಳೇ ನಂಬುತ್ತಿರಲಿಲ್ಲ.

ಆದರೆ ತಮ್ಮನ ಬಲಗಡೆಯೂ ಮೊದಲಿನಂತಿರಲಿಲ್ಲ. ನೀರು ಬೆರೆಸಿ ತೆಳುವಾಗಿ ಎರಡು ಸಲ ಬಳಿಯುತ್ತಿದ್ದವನು ಈಗ ಗಟ್ಟಿ ಬಣ್ಣವನ್ನೇ ಮೆತ್ತುತ್ತಿದ್ದ. ಗುಂಡಿ, ಪಟ್ಟಿ, ಬೆರಳಿನ ಸಂದು ಎಲ್ಲಾ ಮುಚ್ಚಿಹೋಗುತ್ತಿತ್ತು. ಕಣ್ಣಿನ ಚುಕ್ಕೆ ಕೆನ್ನೆಯ ಮೇಲೆ ಕೂರುತ್ತಿತ್ತು. ಇಂಥ ಬಲಕ್ಕೆ ಎಂಥ ಎಡ ಹೊಂದುತ್ತದೆ ಎಂದು ಹೇಳಿಕೊಡಲು ಜಗತ್ತಿನಲ್ಲಿ ಅಕ್ಕನಿಗಿಂತ ತಿಳಿದವರಿರಲಿಲ್ಲ. ಆದರೂ ಅವಳು ಪಕ್ಕದ ಅರ್ಧವನ್ನು ನೋಡಲಿಲ್ಲ. ಕಪಾಟಿನ ಮೇಲಿನ ಸಾಲಿನಲ್ಲಿ ಅವನು ಆರೋಗ್ಯವಾಗಿದ್ದಾಗ ಮಾಡಿದ ಸಿಪಾಯಿಗಳಿದ್ದವು. ಅವುಗಳಲ್ಲೊಂದನ್ನು ತಂದು ಎದುರಿಗಿಟ್ಟುಕೊಂಡು ಅದರಂತೆ ಬಳಿದಳು. ತಮ್ಮನ ಕೈಯನ್ನು ಕೆಟ್ಟದಾಗಿ ಅನುಕರಿಸಲು ಅವಳಿಗೆ ಮನಸ್ಸು ಬರಲಿಲ್ಲ. ಅದು ಪ್ರೀತಿಯೂ ಹೌದು, ಸ್ವಲ್ಪ ಜಂಬವೂ ಹೌದು.

ಒಂದು ಭಾನುವಾರ ಬಂದ ಯುದ್ಧದಾಟದ ಗೆಳೆಯ, ಅಂಚೆ ಕಚೇರಿಯವನು, ಒಬ್ಬ ಸಿಪಾಯಿಯನ್ನು ಎತ್ತಿ ತಿರುಗಿಸಿ ನೋಡಿ, ಒಂದು ಕ್ಷಣ ಅಕ್ಕನ ಮುಖ ನೋಡಿದ. "ದಂಡನಾಯಕ ಎದ್ದುಬಿಟ್ಟ" ಎಂದು ಜೋರಾಗಿ ಹೇಳಿದ. ಹೊರಡುವಾಗ ಮೆಟ್ಟಿಲ ಬಳಿ ದನಿ ತಗ್ಗಿಸಿದ. "ಎಡಗಡೆ ಸ್ವಲ್ಪ ಕೆಡಿಸಿ, ಅಕ್ಕಾವ್ರೆ."

"ನನ್ನ ಕೈಲಿ ಕೆಡಿಸೋಕೆ ಬರಲ್ಲ" ಎಂದಳು ಅಕ್ಕ, ಕೊಂಚ ಗಡುಸಾಗಿಯೇ. ಆಮೇಲೆ ಅದನ್ನು ನೆನೆದು ನೆನೆದು ಎಷ್ಟು ಸಲ ತನ್ನನ್ನೇ ಬೈದುಕೊಂಡಳೋ ಲೆಕ್ಕವಿಲ್ಲ.

ಇಷ್ಟರಲ್ಲಿ ಫಿಸಿಯೋ ಮಾಡಿಸಲು ಬರುತ್ತಿದ್ದ ಹೆಂಗಸು ಇನ್ನೊಂದು ಅಭ್ಯಾಸವನ್ನೂ ಶುರು ಮಾಡಿಸಿದ್ದಳು. ಮೇಜಿನ ಎಡ ಅಂಚಿಗೆ, ಪತ್ರಿಕೆಯ ಎಡ ಅಂಚಿಗೆ, ಬಾಗಿಲ ಎಡಗಂಬಕ್ಕೆ ಕೆಂಪು ಪಟ್ಟಿ ಅಂಟಿಸಿ, "ಪಟ್ಟಿ ಸಿಗೋವರೆಗೆ ತಿರುಗಿ ಸಾರ್, ಸಿಗೋವರೆಗೆ ಬಿಡ್ಬೇಡಿ" ಎಂದು ದಿನಾ ಅವನ ತಲೆ ತಿನ್ನುತ್ತಿದ್ದಳು. ಎಂಟು ತಿಂಗಳಿಗೆ ಅದು ಫಲ ಕೊಟ್ಟಿತು. ಒಂದು ಬೆಳಿಗ್ಗೆ ತಮ್ಮ ತಟ್ಟೆಯನ್ನು ತಾನೇ ತಿರುಗಿಸಿಕೊಂಡ. ಅಕ್ಕ ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು, ಖುಷಿಗೆ. ಭಯ ಆಮೇಲೆ ಬಂತು.

ಅದಾದ ವಾರಕ್ಕೆ ಅವನು ಕರೆದ. "ಅಕ್ಕ, ಇಲ್ಲಿ ಬಾ."

ಮುಗಿದ ಹತ್ತೊಂಬತ್ತು ಸಿಪಾಯಿಗಳನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟುಕೊಂಡಿದ್ದ. ಒಬ್ಬನನ್ನು ದೀಪಕ್ಕೆ ಹಿಡಿದು, ಕತ್ತು ಪೂರ್ತಿ ಎಡಕ್ಕೆ ತಿರುಗಿಸಿ ನೋಡುತ್ತಿದ್ದ. "ಈ ಎಡಗಡೆ ನೋಡು. ಕೆನ್ನೆ ಮೂಳೆ ಮೇಲೆ ಬೆಳಕು ಹೇಗೆ ಕೂತಿದೆ. ಇಷ್ಟೆಲ್ಲಾ ಆದ್ರೂ ನನ್ನ ಕೈ ಮರೆತಿಲ್ಲ." ಆಮೇಲೆ ಅವನ ನೋಟ ಬಲಕ್ಕೆ ಸರಿಯಿತು. "ಈ ಕಡೆ ಯಾರು ಕೆಡಿಸಿದ್ದು?"

ಎಡ ಕಂಡರೆ ಏನು ಹೇಳಬೇಕೆಂದು ಅವಳು ಎಷ್ಟೋ ಉತ್ತರ ಕಟ್ಟಿಟ್ಟುಕೊಂಡಿದ್ದಳು. ಅವನು ಅವಳದನ್ನು ತನ್ನದೆಂದು, ತನ್ನದನ್ನು ಬೇರೆಯವರದೆಂದು ತಿಳಿಯಬಹುದು ಎಂಬುದೊಂದು ಮಾತ್ರ ಹೊಳೆದಿರಲಿಲ್ಲ.

"ನಾನೇ" ಎಂದಳು.

"ನೀನಾ?"

"ನೀನು ಮಲಗಿದಾಗ. ಆಸೆ ಆಯ್ತು, ಅಲ್ಲಲ್ಲಿ ತಿದ್ದೋಕೆ ಹೋದೆ."

"ಹತ್ತೊಂಬತ್ತಕ್ಕೂ?"

"ಹತ್ತೊಂಬತ್ತಕ್ಕೂ."

ಬೈದಿದ್ದರೆ ಚೆನ್ನಾಗಿತ್ತು. ಅವನು ಬೈಯಲಿಲ್ಲ. "ಕೇಳಿದ್ರೆ ಕಲಿಸ್ತಿರ್ಲಿಲ್ವಾ ನಾನು?" ಎಂದ, ಅಷ್ಟೆ. ಕೈಯಲ್ಲಿದ್ದ ಸಿಪಾಯಿಯನ್ನು ಸಾಲಿಗೆ ಸೇರಿಸಿ, "ಎಲ್ಲಾ ಬಿಡಿಸಿಬಿಡು. ಮೊದಲಿಂದ ಶುರು ಮಾಡೋಣ" ಎಂದ.

"ಎಡಗಡೆ ಇಷ್ಟು ಚೆನ್ನಾಗಿದೆಯಲ್ಲೋ. ಅದನ್ನ ಇಟ್ಕೊಂಡು..."

"ಅರ್ಧ ಬಿಡಿಸೋಕೆ ಬರಲ್ಲ ಅಕ್ಕ, ದ್ರಾವಣ ಎಲ್ಲಾ ಕಡೆ ನುಗ್ಗುತ್ತೆ. ಹೋದ್ರೆ ಹೋಗ್ಲಿ. ಕೈ ಇದೆಯಲ್ಲ, ಮತ್ತೆ ಬರುತ್ತೆ."

ಅಕ್ಕ ಬಿಡಿಸಿದಳು. ಬಣ್ಣ ಕರಗಿಸುವ ದ್ರಾವಣದ ಡಬ್ಬಿಯಲ್ಲಿ ಹತ್ತೊಂಬತ್ತು ಜನರನ್ನೂ ಇಳಿಸಿ, ಮರುದಿನ ಒಬ್ಬೊಬ್ಬನನ್ನೇ ತೆಗೆದು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿದಳು. ಬಲಗಡೆಯದು ಬೇಗ ಬಂತು, ದಪ್ಪ ಪದರ ಸಿಪ್ಪೆಯಂತೆ ಎದ್ದಿತು. ಎಡಗಡೆಯದು ತೆಳುವಾಗಿ ಕಚ್ಚಿಕೊಂಡಿತ್ತು, ಅದಕ್ಕೆ ಒತ್ತಿ ಒತ್ತಿ ತಿಕ್ಕಬೇಕಾಯಿತು. ಎಂಟು ತಿಂಗಳ ಮಧ್ಯಾಹ್ನಗಳು, ಅವನವೂ ಅವಳವೂ, ಒಂದೇ ಕಂದು ಗಸಿಯಾಗಿ ಡಬ್ಬಿಯ ತಳ ಸೇರಿದವು. ಒಂದಾದರೂ ಎತ್ತಿಟ್ಟುಕೊಳ್ಳೋಣ ಎನ್ನಿಸಿತು. ಅವನು ಎಣಿಸುತ್ತಾನೆ ಎಂದು ಬಿಟ್ಟಳು.

ತೇವವಿಲ್ಲದ ಒಂದು ಬೆಳಿಗ್ಗೆ ಬಾಲ್ಕನಿಯಲ್ಲಿ ರಟ್ಟಿನ ಡಬ್ಬವಿಟ್ಟು, ಅವನು ಕುರ್ಚಿಯಲ್ಲಿ ಕೂತು ಹೇಳಿದಂತೆ, ಒಂದು ಗೇಣು ದೂರದಿಂದ ಪ್ರೈಮರ್ ಸ್ಪ್ರೇ ಹೊಡೆದಳು. "ಒಂದೇ ಕಡೆ ನಿಲ್ಲಿಸ್ಬೇಡ, ಕೈ ಆಡಿಸ್ತಾ ಇರು. ಹಾಂ, ಹಾಗೆ." ಅವನು ತುಂಬಾ ಗೆಲುವಾಗಿದ್ದ. ಇದನ್ನು ನೋಡಲಾಗದೆ ಅವಳು ಗಾಳಿಗೆ ಬೆನ್ನು ಮಾಡುವ ನೆಪದಲ್ಲಿ ತಿರುಗಿ ನಿಂತಳು.

"ಈ ಸಲ ನೀನು ಈ ಕೋಣೆಗೆ ಬರ್ಬೇಡ" ಎಂದ ತಮ್ಮ, ನಗುತ್ತಾ. "ಕಾಫಿನೂ ಬಾಗಿಲ ಹತ್ರ ಇಡು."

ಹನ್ನೊಂದು ದಿನ ಅವಳು ಕಾಫಿಯನ್ನು ಬಾಗಿಲ ಹತ್ತಿರ ಇಟ್ಟಳು. ಮೊದಲ ನಾಲ್ಕು ದಿನ ಒಳಗಿನಿಂದ ಶಿಳ್ಳೆ ಕೇಳಿಸಿತು. ಐದನೇ ದಿನ ಕೇಳಿಸಲಿಲ್ಲ. ಆಮೇಲೆ ಬ್ರಷ್ ತೊಳೆಯುವ ಸದ್ದು, ಮತ್ತೆ ಮತ್ತೆ, ಏನನ್ನೋ ಒರೆಸಿ ಹೊಸದಾಗಿ ಶುರುಮಾಡುವವನ ಸದ್ದು. ಅಕ್ಕ ಬಾಗಿಲಾಚೆ ನಿಂತು, ಒಳಗೆ ಹೋಗಲಾರದೆ, ಅಲ್ಲಿಂದ ಸರಿಯಲಾರದೆ, ಸೆರಗಿನ ತುದಿ ತಿರುಚುತ್ತಿದ್ದಳು.

ಹನ್ನೊಂದನೇ ದಿನ ಅವನು ಕರೆದ.

ಇಕ್ಕಳದಲ್ಲಿ ಒಬ್ಬನೇ ಸಿಪಾಯಿ ಇದ್ದ, ಆ ಆಕಳಿಸುವವನು. ಈ ಸಲ ಎಡ ಬಿಟ್ಟುಹೋಗಿರಲಿಲ್ಲ. ಎರಡೂ ಕಡೆ ಪೂರ್ತಿ ಬಳಿದಿದ್ದ. ಎರಡೂ ಕಡೆ ದಪ್ಪ ಬಣ್ಣ, ಎರಡೂ ಕಡೆ ಮುಚ್ಚಿಹೋದ ಗುಂಡಿಗಳು. ಕಣ್ಣಿನ ಚುಕ್ಕೆಗಳೆರಡೂ ಕೆನ್ನೆಯ ಮೇಲಿದ್ದವು.

"ಇದನ್ನ ನೀನು ಮುಟ್ಟಿದ್ಯಾ?" ತಮ್ಮ ಕೇಳಿದ. ಅವನ ದನಿಯಲ್ಲಿ ಮುಟ್ಟಿದೆ ಎನ್ನಲಿ ಎಂಬ ಬೇಡಿಕೆಯಿತ್ತು.

ಹನ್ನೊಂದು ದಿನ ಹೊಸ್ತಿಲಾಚೆಯೇ ನಿಂತಿದ್ದವಳು ಮುಟ್ಟಿದೆ ಎಂದರೆ ಯಾರು ನಂಬುತ್ತಾರೆ? "ಇಲ್ಲ" ಎಂದಳು.

"ಹಾಗಾದ್ರೆ ಆ ಹತ್ತೊಂಬತ್ತನ್ನೂ ನೀನು ಕೆಡಿಸಿರ್ಲಿಲ್ಲ."

ಅವಳ ಕಣ್ಣು ಇಕ್ಕಳದ ಸಿಪಾಯಿಯ ಮೇಲೇ ಇತ್ತು.

"ಬಲಗಡೆ ನಂದು. ಚೆನ್ನಾಗಿದ್ದದ್ದು ನಿಂದು." ಅವನು ಲೆಕ್ಕ ಬಗೆಹರಿಸಿದವನಂತೆ ಮೆಲ್ಲಗೆ ಹೇಳಿದ. "ಅದನ್ನ ನಿನ್ನ ಕೈಲೇ ಉಜ್ಜಿಸಿ ತೆಗೆಸಿದೆ ನಾನು. ನೀನೂ ಉಜ್ಜಿದೆ."

"ಹೋಗ್ಲಿ ಬಿಡೋ. ಗೊಂಬೆ ತಾನೇ" ಎಂದಳು ಅಕ್ಕ. ಆಡಿದ ಮೇಲೆ ಆ ಮಾತು ಅವಳಿಗೇ ಕಹಿಯಾಯಿತು.

ತಮ್ಮ ಇಕ್ಕಳ ಸಡಿಲಿಸಿ, ತಾನು ಬಳಿದ ಸಿಪಾಯಿಯನ್ನು ತೆಗೆದು, ಬೂದು ಬಣ್ಣದ ಹೊಸಬನೊಬ್ಬನನ್ನು ಒಂದೇ ಕೈಯಲ್ಲಿ ಪರದಾಡಿ ಸಿಕ್ಕಿಸಿದ. ಅವಳು ನೆರವಿಗೆ ಕೈ ಚಾಚಿದರೆ ತಡೆದ. ಸ್ಟ್ಯಾಂಡನ್ನು ಅವಳ ಕಡೆ ತಿರುಗಿಸಿ, ಬ್ರಷ್ ಅವಳ ಮುಂದಿಟ್ಟ.

"ಕೂತ್ಕೋ. ನನ್ನೆದುರಿಗೇ ಬಳಿ."

"ಬೇಡ ಕಣೋ."

"ಕಪಾಟಲ್ಲಿರೋ ನನ್ನ ಹಳೇವು ಬರೀ ಗೊಂಬೆ ಅಕ್ಕ. ನನ್ನ ಕೈ ಹೇಗೆ ಓಡಾಡ್ತಿತ್ತು ಅಂತ ನಾನು ಯಾವತ್ತೂ ನೋಡಿರ್ಲಿಲ್ಲ. ಅದು ಈಗ ನಿನ್ನ ಕೈಲಿದೆ, ಒಂದ್ಸಲ ನೋಡ್ತೀನಿ."

ಅಕ್ಕ ಕನ್ನಡಕ ಒರೆಸಿಕೊಂಡು ಕೂತಳು. ಬಣ್ಣಕ್ಕೆ ನೀರು ಬೆರೆಸಿ, ಬ್ರಷ್‌ನ ತುದಿ ಚೂಪು ಮಾಡಿ, ಹಣೆಯಿಂದ ಶುರು ಮಾಡಿದಳು. ಕೆನ್ನೆಗೆ ಬರುವಷ್ಟರಲ್ಲಿ ಅವಳ ಕಣ್ಣು ಮಂಜಾಗಿ ಎರಡು ಸಲ ನಿಲ್ಲಿಸಬೇಕಾಯಿತು. ತಮ್ಮ ಆತುರಪಡಿಸಲಿಲ್ಲ. ಕತ್ತನ್ನು ಎಡಕ್ಕೆ ಹೊರಳಿಸಿಕೊಂಡು, ಅವಳ ಬೆರಳುಗಳಿಂದ ದೃಷ್ಟಿ ಕೀಳದೆ, ಕಣ್ಣು, ಹುಬ್ಬು, ತುಟಿ, ಕೊನೆಯ ಗುಂಡಿಯವರೆಗೆ ಎಲ್ಲವನ್ನೂ ನೋಡಿದ.

"ಚೆನ್ನಾಗಿ ಬಳೀತಿದ್ದೆ ನಾನು" ಎಂದ.

ಆಮೇಲೆ ಗೋಡೆ ಹಿಡಿದುಕೊಂಡು ಎದ್ದು ಹೋಗಿ ಮಲಗಿಕೊಂಡ. ಉಳಿದವರನ್ನು ಅಕ್ಕ ಒಬ್ಬಳೇ ಮುಗಿಸಿದಳು. ಅವನು ಮತ್ತೆ ಬ್ರಷ್ ಹಿಡಿಯಲಿಲ್ಲ.